ಗಲ್ಲಾದ ಮೇಲೆ ಕೂತ ಮೇಷ್ಟ್ರು

ಅಂಗಡಿ ಇಡುವುದು ಹೇಗೆ ಎಂದು ಎರಡು ವರ್ಷದ ಹಿಂದೆ ಯಾರಾದರೂ ಕೇಳಿದ್ದರೆ ಮುಕ್ಕಾಲು ಗಂಟೆ, ಅಂದರೆ ಸರಿಯಾಗಿ ಒಂದು ಪೀರಿಯಡ್ಡು, ನಿಲ್ಲಿಸದೆ ಹೇಳುತ್ತಿದ್ದೆ. ಆಗ ನಾನು ಒಂದು ಬೆಂಕಿಪೊಟ್ಟಣವನ್ನೂ ಮಾರಿದವನಲ್ಲ. ಹಾಗಾಗಿ ಮಾತಿಗೆ ಅಡ್ಡಿಯೇ ಇರಲಿಲ್ಲ. ಈಗ ಕೇಳಿದರೆ ಹೆಂಡತಿಯ ಕಡೆ ಕೈ ತೋರಿಸಿ ಸುಮ್ಮನಾಗುತ್ತೇನೆ.

ನಾನು ನ್ಯಾಮತಿಯ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ಗಣಿತ ಹೇಳಿ ನಿವೃತ್ತನಾದವನು. ಮನೆಗೆ ಬಂದು ಕೂತ ಮೂರನೇ ತಿಂಗಳಿಗೆ ನನ್ನ ಹೆಂಡತಿ ಸರ್ವಮಂಗಳ, ಬಸ್ ಸ್ಟ್ಯಾಂಡ್ ಹತ್ತಿರ ಜೋಳದ ರೊಟ್ಟಿ ಅಂಗಡಿ ಇಡುತ್ತೇನೆ ಎಂದಳು. ಪಿಯುಸಿ ಅರ್ಧಕ್ಕೆ ಬಿಡಿಸಿ ಮದುವೆ ಮಾಡಿಕೊಟ್ಟ ಹುಡುಗಿ ಅವಳು. ಅಲ್ಲಿಂದ ಇಲ್ಲಿಯವರೆಗೆ ಅವಳ ರೊಟ್ಟಿ ತಿಂದವರೆಲ್ಲ ನಮ್ಮವರೇ. "ನಮ್ಮನೇರು ಚೆನ್ನಾಗೈತೆ ಅಂದ್ರೆ ಅದೇನು ದೊಡ್ಡದಲ್ಲ ಬಿಡ್ರಿ. ನನ್ನದು ಅಂತ ಒಂದು ಇರಬೇಕು ನನಗೆ. ದೀಪಾವಳಿವರೆಗೂ ನೋಡ್ತೀನಿ. ಅಷ್ಟ್ರಾಗೆ ಅಂಗಡಿ ನಡೀಲಿಲ್ಲ ಅಂದ್ರೆ ಬಾಗ್ಲು ಹಾಕ್ತೀನಿ, ಮತ್ತೆ ಈ ಮಾತು ಎತ್ತಲ್ಲ," ಎಂದಳು. ಅಷ್ಟು ಉದ್ದದ ಮಾತನ್ನು ಅವಳು ತನಗಾಗಿ ಆಡಿದ್ದು ನನಗೆ ನೆನಪಿರಲಿಲ್ಲ. ಸ್ವಲ್ಪ ನಾಚಿಕೆಯೂ ಆಯಿತು.

ಒಬ್ಬರು ಅಂಗಡಿ ಇಡುತ್ತಾರೆಂದರೆ ಊರಿನಲ್ಲಿ ಬುದ್ಧಿ ಹೇಳುವವರಿಗೆ ಸುಗ್ಗಿ. ಬಾಗಿಲು ಉತ್ತರಕ್ಕಿರಲಿ ಎಂದವರೊಬ್ಬರು, ಬೋರ್ಡು ದೊಡ್ಡದಿರಲಿ ಎಂದವರೊಬ್ಬರು. ಸ್ವಂತ ವ್ಯಾಪಾರವೆಂದರೆ ಯಾರಿಗೂ ಉತ್ತರ ಹೇಳಬೇಕಿಲ್ಲ ಎಂದು ಪಕ್ಕದ ಮನೆಯ ರಿಟೈರ್ಡ್ ಗುಮಾಸ್ತರು ಹೇಳಿದರು. ಬಂದವರಿಗೆಲ್ಲ ಉತ್ತರ ಹೇಳುವುದೇ ವ್ಯಾಪಾರವೆಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಕೊನೆಗೆ ಚನ್ನಗಿರಿಯಿಂದ ಬಂದ ನನ್ನ ಭಾಮೈದ, "ನಿಮಗೇನ್ರೀ ಭಾವ, ಅರ್ಧ ತಾಲ್ಲೂಕು ನಿಮ್ಮ ಶಿಷ್ಯರೇ ಅದಾರೆ. ಅವರು ಬಂದ್ರೆ ಸಾಕಲ್ಲ," ಎಂದ. ಎಲ್ಲ ಸಲಹೆಗಳ ಪೈಕಿ ನಾನು ಮನಸಾರೆ ನಂಬಿದ್ದು ಇದೊಂದನ್ನೇ.

ಶ್ರಾವಣದಲ್ಲಿ ಅಂಗಡಿ ಶುರುವಾಯಿತು. ರೊಟ್ಟಿ ತಟ್ಟಲು ಸಾಸ್ವೆಹಳ್ಳಿಯ ಹಾಲಮ್ಮ ಜೊತೆಯಾದಳು. ಗಲ್ಲಾದ ಮೇಲೆ ಯಾರು ಕೂರಬೇಕೆಂದು ಯಾರೂ ಕೇಳಲಿಲ್ಲ. ನಾನೇ ಹೋಗಿ ಕೂತೆ. ಶಿಷ್ಯರು ಬಂದರು, ನಿಜ. ಒಬ್ಬೊಬ್ಬನನ್ನೂ ಗುರುತು ಹಿಡಿದು, ಈಗ ಏನು ಮಾಡುತ್ತಿದ್ದೀಯ, ಅಪ್ಪ ಹೇಗಿದ್ದಾರೆ, ಅದೇಕೆ ಆ ವರ್ಷ ಗಣಿತದಲ್ಲಿ ಫೇಲಾದೆ ಎಂದೆಲ್ಲ ವಿಚಾರಿಸಿದೆ. ಅವರು ಜೇಬಿಗೆ ಕೈ ಹಾಕಿದರೆ, "ಮೇಷ್ಟ್ರ ಹತ್ರ ದುಡ್ಡು ಕೊಡ್ತೀಯೇನೋ?" ಎಂದು ಗದರಿದೆ. ನಮ್ಮ ಕಡೆ ದಿನದ ಮೊದಲ ವ್ಯಾಪಾರ, ಅಂದರೆ ಬೋಣಿ, ಕೈಗೆ ಕಾಸು ಬಿದ್ದೇ ಆಗಬೇಕು. ಸರ್ವಮಂಗಳ ಅಗರಬತ್ತಿ ಹಚ್ಚಿ ಬೋಣಿಗೆ ಕಾಯುತ್ತಿದ್ದಳು. ನಾನು ಆ ಬೋಣಿಯನ್ನೇ ದಿನಾ ಬಿಟ್ಟಿಯಾಗಿ ಕಳಿಸುತ್ತಿದ್ದೆ. ಎಂಥ ದೊಡ್ಡ ಮನಸ್ಸು ನನ್ನದು ಎಂಬ ಖುಷಿ ಬೇರೆ.

ದಸರೆ ಕಳೆಯುವಷ್ಟರಲ್ಲಿ ಶಿಷ್ಯರು ಮಾಯವಾದರು. ಒಂದು ಸಂಜೆ ನೋಡಿದರೆ, ನಮ್ಮ ಅಂಗಡಿಗೆ ಬರುತ್ತಿದ್ದ ಇಬ್ಬರು ರಸ್ತೆಯ ಆ ಮಗ್ಗುಲಿನ ಖಾನಾವಳಿಯಿಂದ ರೊಟ್ಟಿ ಕಟ್ಟಿಸಿಕೊಂಡು, ನನ್ನ ಕಣ್ಣಿಗೆ ಬೀಳದಂತೆ ಗೋಡೆ ಪಕ್ಕದಲ್ಲೇ ಸರಿದು ಹೋದರು. ನನಗೆ ಸಿಟ್ಟು ಬಂತು. ಆಮೇಲೆ ಯೋಚನೆ ಬಂತು. ಯೋಚನೆಯ ಬೆನ್ನಿಗೆ, ಮೇಷ್ಟ್ರಲ್ಲವೇ, ಒಂದು ಸಿದ್ಧಾಂತವೂ ಬಂತು.

ಸಂತೆಯನ್ನೇ ನೋಡಿ. ಜಗಳೂರಿನ ಸಂತೆಗೆ ಬಿಳಿಚೋಡಿನವನು ಕುರಿ ಹೊಡೆದುಕೊಂಡು ಬಂದರೆ ಗುರುತಿಲ್ಲದ ಗಿರಾಕಿ ಅದರ ಹಲ್ಲು ನೋಡುತ್ತಾನೆ, ಬೆನ್ನು ಒತ್ತುತ್ತಾನೆ, ಬಡಕಲು ಎಂದು ಬಾಯಿ ಬಿಟ್ಟು ಹೇಳುತ್ತಾನೆ. ಇಬ್ಬರಿಗೂ ಬೇಜಾರಿಲ್ಲ. ಅದೇ ಕುರಿ ಬೀಗರದಾದರೆ? ಬಡಕಲು ಎಂದರೆ ಸಂಬಂಧ ಕೆಡುತ್ತದೆ, ಎನ್ನದಿದ್ದರೆ ನಷ್ಟವಾಗುತ್ತದೆ. ಆದ್ದರಿಂದ ಮನುಷ್ಯ ಬೀಗರ ಕುರಿಯ ಕಡೆ ತಿರುಗಿಯೂ ನೋಡದೆ ಮುಂದೆ ಹೋಗುತ್ತಾನೆ. ಗಣಿತದಲ್ಲಿ ಹೇಳುವುದಾದರೆ, ನನ್ನ ಪರಿಚಿತರ ಗಣ, ಅಂಗಡಿಯ ಗಿರಾಕಿಗಳ ಗಣ, ಇವೆರಡರ ಛೇದನ ಶೂನ್ಯ ಗಣ, ಅಂದರೆ ಎರಡರಲ್ಲೂ ಇರುವವನು ಒಬ್ಬನೂ ಇಲ್ಲ. ಇದನ್ನು ಸರ್ವಮಂಗಳಳಿಗೆ ವಿವರಿಸಲು ಹೋದೆ. ಹಾಲಮ್ಮ ಹಿಟ್ಟಿನ ಕೈ ಎತ್ತಿ ಹೇಳಿದಳು: "ಅಷ್ಟೆಲ್ಲ ಯಾಕ್ರೀ ಮೇಷ್ಟ್ರೇ. ನೀವು ಕುಂತಿದ್ರೆ ಇದು ಸ್ಕೂಲು ಆಗ್ತೈತೆ. ರೊಟ್ಟಿ ತಗಳಾಕೆ ಯಾರಾದ್ರೂ ಸ್ಕೂಲಿಗೆ ಬರ್ತಾರೇನ್ರಿ?"

ಸರ್ವಮಂಗಳ ನಗಲಿಲ್ಲ. ಮನೆಗೆ ನಡೆಯುತ್ತಾ ಮೆತ್ತಗೆ ಹೇಳಿದಳು: "ನಿಮ್ಮ ಮನಸ್ಸು ಒಳ್ಳೇದೇ ರೀ. ಆದ್ರೆ ದೀಪಾವಳಿಗೆ ಹದಿನೈದು ದಿನ ಐತೆ. ಅಲ್ಲೀವರೆಗೂ ಅಂಗಡಿ ಕಡೆ ಬರಬ್ಯಾಡ್ರಿ."

ಬಹಳ ನೋವಾಯಿತು, ಸುಳ್ಳೇಕೆ ಹೇಳಲಿ. ಎರಡು ದಿನ ಅನ್ನ ಸರಿಯಾಗಿ ಸೇರಲಿಲ್ಲ. ಆದರೆ ಮೂವತ್ನಾಲ್ಕು ವರ್ಷದಲ್ಲಿ ಅವಳು ನನ್ನನ್ನು ಕೇಳಿಕೊಂಡದ್ದು ಬಹಳ ಕಡಿಮೆ, ಅದರಲ್ಲಿ ನಾನು ನಡೆಸಿಕೊಟ್ಟದ್ದು ಇನ್ನೂ ಕಡಿಮೆ. ಅಂಗಡಿ ಎದುರಾಗುವ ಹೊಸ ತಾಲ್ಲೂಕು ಕಚೇರಿಯ ರಸ್ತೆ ಬಿಟ್ಟು ಕೆರೆಯ ಕಡೆ ವಾಕಿಂಗ್ ಬದಲಾಯಿಸಿದೆ. ಅಂಗಡಿ ಹೇಗೆ ನಡೆಯುತ್ತಿದೆ ಎಂದು ಅವಳನ್ನು ಕೇಳಲು ಧೈರ್ಯ ಬರಲಿಲ್ಲ. ಅವಳೂ ಹೇಳಲಿಲ್ಲ.

ಹದಿಮೂರನೇ ದಿನ ತಡೆಯಲಾಗಲಿಲ್ಲ. ಸಂಜೆ ಬಸ್ ಸ್ಟ್ಯಾಂಡಿನ ಕಂಬದ ಮರೆಯಲ್ಲಿ, ಕಾಪಿ ಹೊಡೆಯುವ ಹುಡುಗನ ಹಾಗೆ, ನಿಂತು ನೋಡಿದೆ. ಅಂಗಡಿಯ ಮುಂದೆ ಏಳೆಂಟು ಜನ ಸಾಲುಗಟ್ಟಿದ್ದರು. ಹೊನ್ನಾಳಿ ಬಸ್ಸು ಹಿಡಿಯುವ ಕಚೇರಿಯವರು, ನನಗೆ ಗುರುತಿಲ್ಲದ ಇಬ್ಬರು ಹೆಂಗಸರು, ಮತ್ತು ಆ ಗೋಡೆ ಪಕ್ಕದಲ್ಲಿ ಸರಿದು ಹೋದವರ ಪೈಕಿ ಒಬ್ಬ. ಈಗ ಖಾಸಗಿ ಬಸ್ಸಿನ ಕಂಡಕ್ಟರ್. ಅವನು ಕಟ್ಟು ಬಿಚ್ಚಿ ನೋಡಿ ಗಟ್ಟಿ ದನಿಯಲ್ಲಿ, "ಏನಕ್ಕಾ ಇದು, ಎರಡು ಮುರುದೈತೆ, ಒಂದು ಸೀದೈತೆ. ಬದ್ಲಿ ಕೊಡ್ರಿ," ಎಂದ.

"ಮುರುದಿದ್ದು ಕೊಡ್ರಿ, ಬದಲಾಯಿಸ್ತೀನಿ. ಅದು ಸೀದಿಲ್ಲ, ಕೆಂಪಗೆ ಸುಟ್ಟೈತೆ. ತಿಂದು ನೋಡಿ ನಾಳೆ ಬಂದು ಜಗಳ ಆಡ್ರಿ," ಎಂದಳು ಸರ್ವಮಂಗಳ.

"ನಾಳೆ ಬಂದೇ ಬರ್ತೀನಿ ಬಿಡ್ರಿ," ಎಂದು ಅವನು ದುಡ್ಡು ಕೊಟ್ಟು ಹೊರಟ.

ನನ್ನ ಕಣ್ಣಲ್ಲಿ ನೀರು ಬಂತು. ನಾನು ಬಿಟ್ಟಿ ಕೊಟ್ಟಾಗ ಒಬ್ಬನಾದರೂ ರೊಟ್ಟಿ ಸೀದಿದೆ ಎಂದಿರಲಿಲ್ಲ. ಒಬ್ಬನಾದರೂ ನಾಳೆ ಬರುತ್ತೇನೆ ಎಂದೂ ಅಂದಿರಲಿಲ್ಲ. ನಾನು ಮರೆಯಿಂದ ಬಂದು ಸಾಲಿನ ಕೊನೆಯಲ್ಲಿ ನಿಂತೆ. ಹೇಳಬೇಕಾದ ಮಾತುಗಳು ತಲೆಯಲ್ಲಿ ಒಂದು ಪೀರಿಯಡ್ಡಿಗೆ ಆಗುವಷ್ಟಿದ್ದವು. ನನ್ನ ಪಾಳಿ ಬಂದಾಗ ಸರ್ವಮಂಗಳ ತಲೆ ಎತ್ತಿದಳು. ಒಂದು ಕ್ಷಣ ಅವಳ ತುಟಿ ಅಲುಗಿತು, ಅಷ್ಟೇ.

"ಎಷ್ಟು ಬೇಕ್ರಿ?"

"ಹತ್ತು," ಎಂದು ನೋಟು ಚಾಚಿದೆ. ಅವಳು ಬೇಡ ಎನ್ನಲಿಲ್ಲ. ನೋಟನ್ನು ಗಲ್ಲಾದೊಳಗೆ ಹಾಕಿ, ಚಿಲ್ಲರೆಯನ್ನೂ ಬಿಸಿ ಕಟ್ಟನ್ನೂ ನನ್ನ ಕೈಗಿಟ್ಟಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳ ಕಣ್ಣು ನನ್ನ ಭುಜ ದಾಟಿ ಹಿಂದಕ್ಕೆ ಹೋಗಿತ್ತು.

"ಹಿಂದಿನೋರು ಬರ್ರಿ ಮುಂದೆ," ಎಂದಳು. ನಾನು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ.