ಕನ್ನಡಕದಂಗಡಿಯವನ ಕಣ್ಣು

ಆ ಬೀದಿಯ ಕನ್ನಡಕದಂಗಡಿಯವನಿಗೆ ತನ್ನ ಕಣ್ಣಿನ ಮೇಲೆ ಎಲ್ಲಿಲ್ಲದ ಜಂಬ. ವಿಡಿಯೋ ಗೇಮಿನ ಚಿತ್ರ ನಿಚ್ಚಳವಾಗಿಸುವ, ಸ್ಕೂಟರಿಗಿಂತ ದುಬಾರಿಯಾದ ಗ್ರಾಫಿಕ್ಸ್ ಕಾರ್ಡನ್ನು ತಾನೇ ಕಂಪ್ಯೂಟರಿಗೆ ಕೂರಿಸಿಕೊಂಡ ಮೇಲಂತೂ ಬಂದ ನೆಂಟರಿಗೆಲ್ಲ ಆಟದೊಳಗಿನ ಹುಲ್ಲು ತೋರಿಸಿ ಕೊರೆದದ್ದೇ ಕೊರೆದದ್ದು. "ಒಂದೊಂದು ಎಸಳೂ ಬೇರೆ ಬೇರೆ ಕಾಣುತ್ತೆ. ಕೊಟ್ಟ ದುಡ್ಡಿಗೆ ಮೋಸ ಇಲ್ಲ. ನೋಡೋಕೆ ಕಣ್ಣಿರಬೇಕು ಅಷ್ಟೆ." ಕಣ್ಣಿಲ್ಲದವರೆನ್ನಿಸಿಕೊಳ್ಳಲು ಯಾರಿಗಿಷ್ಟ? ಎಲ್ಲರೂ ಹೂಂಗುಟ್ಟಿದರು.

ಆರು ತಿಂಗಳಾದ ಮೇಲೆ ಧೂಳು ತೆಗೆಯಲು ಬಂದ ರಿಪೇರಿಯವನು ಕಂಪ್ಯೂಟರಿನ ಹಿಂದೆ ಬಗ್ಗಿ ನೋಡಿದ. "ಸಾರ್, ಪರದೆಯ ವೈರನ್ನ ಹೊಸ ಕಾರ್ಡಿಗೆ ಚುಚ್ಚೇ ಇಲ್ಲ. ಇಷ್ಟು ದಿನ ನೀವು ನೋಡಿದ್ದು ಕಾರ್ಡ್ ಹಾಕೋ ಮುಂಚಿನ ಹಳೇ ಚಿತ್ರಾನೇ," ಎಂದು ವೈರನ್ನು ಸರಿಯಾದ ಜಾಗಕ್ಕೆ ಸಿಕ್ಕಿಸಿದ.

ಗಂಡ ಅಂಗಡಿಯಲ್ಲಿ ಗಾಜು ಬದಲಿಸಿ ಗಿರಾಕಿಗಳನ್ನು ಕೇಳುವ ದನಿಯಲ್ಲೇ ಹೆಂಡತಿ ಕೇಳಿದಳು: "ಮೊದಲಿನದು ಚೆನ್ನಾಗಿತ್ತಾ, ಈಗಿನದಾ?"

ಅವನು ಹುಲ್ಲನ್ನು ಬಹಳ ಹೊತ್ತು ದಿಟ್ಟಿಸಿದ.

"ಎರಡೂ ಒಂದೇ ಥರ ಇದೆ," ಎಂದ.