ತಡವಾದ ಬಸ್ಸಿಗೊಂದು ಲೋಟ ಹಾಲು

ಪಾರ್ವತವ್ವನ ಬಗ್ಗೆ ಬರೆಯಲು ಕೂತರೆ ಮೊದಲು ಬರುವುದು ಸಿಟ್ಟು, ಅದೂ ನನ್ನ ಮೇಲೆಯೇ. ಯಲ್ಲಾಪುರ ತಾಲೂಕಿನ ನಮ್ಮ ಸರಕಾರಿ ಹೈಸ್ಕೂಲಿನಲ್ಲಿ ಹತ್ತೊಂಬತ್ತು ವರ್ಷ ಬಿಸಿಯೂಟ ಬೇಯಿಸಿದವಳು ಆಕೆ. ಬನವಾಸಿ ಕಡೆಯಿಂದ ಮದುವೆಯಾಗಿ ಬಂದಳು, ಗಂಡ ಬೇಗ ತೀರಿಕೊಂಡ, ಇಲ್ಲಿ ಸೌಟು ಹಿಡಿದಳು. ಬಾಯಿ ಮಾತ್ರ ಮೆಣಸಿನಕಾಯಿ. ಸಾರು ಸಪ್ಪೆಯೆಂದು ಮೂಗು ಮುರಿದ ನನಗೆ, "ನಾಳಿಂದ ನೀವ ಸೌಟು ಹಿಡೀರಿ ಸರ, ನಾ ಗಣಿತ ಹೇಳ್ತೀನಿ" ಎಂದಿದ್ದಳು.

ಓದು ಬರಹ ಬಾರದು. ಅಡುಗೆಮನೆಯ ಕ್ಯಾಲೆಂಡರೇ ಅವಳ ಪುಸ್ತಕ. ಮಕ್ಕಳು ಬಿಸಾಡಿದ ಪೆನ್ಸಿಲ್ ತುಂಡಿನಿಂದ, ಸಿಲಿಂಡರ್ ಬದಲಾದ ದಿನಕ್ಕೆ ಒಂದು ಸೊನ್ನೆ, ಮುಚ್ಚಿಟ್ಟ ಹಾಲು ಕುಡಿಸಿದ ದಿನಕ್ಕೆ ಒಂದು ಗೀಟು.

ಹಾಲು ಮುಚ್ಚಿಡುತ್ತಿದ್ದದ್ದು ಅಸ್ಫಿಯಾಳಿಗೆ. ಲಾರಿ ಓಡಿಸುವ ಹಯಾತ್‌ನ ಮಗಳು, ಹತ್ತನೇ ಕ್ಲಾಸು, ಅರಬೈಲ್ ಕಡೆಯ ಬಸ್ಸಿಗೆ ಬರುವವಳು ಅವಳೊಬ್ಬಳೇ. ಆ ಮಳೆಗಾಲ ಘಟ್ಟದಲ್ಲಿ ಧರೆ ಕುಸಿದ ಮೇಲೆ ಬಸ್ಸು ಬಂದಾಗ ಬಂತು. ಎಷ್ಟೋ ದಿನ ಹುಡುಗಿ ಶಾಲೆ ಮುಟ್ಟುವಾಗ ಹನ್ನೊಂದು. ಪ್ರಾರ್ಥನೆ ಮುಗಿದ ಕೂಡಲೇ ಮಕ್ಕಳಿಗೆ ಹಾಲು ಕೊಟ್ಟು, ಉಳಿದದ್ದನ್ನು ಹತ್ತೂವರೆಗೆ ಚೆಲ್ಲಬೇಕೆಂಬುದು ನಿಯಮ. ಪಾರ್ವತವ್ವ ಒಂದು ಲೋಟ ತಟ್ಟೆ ಮುಚ್ಚಿ ಇಡುತ್ತಿದ್ದಳು. ನಾನು ಗೊಣಗಿದರೆ, "ಖಾಲಿ ಹೊಟ್ಯಾಗ ನಿಮ್ಮ ಗಣಿತ ತಲಿಗೆ ಹತ್ತೂದಿಲ್ರಿ" ಎನ್ನುವಳು.

ನನ್ನ ನಿಯಮ ಬೇರೆ. ಹತ್ತಕ್ಕೆ ಹಾಜರಿ, ಹತ್ತೂ ಐದಕ್ಕೆ ಪುಸ್ತಕ ಬಂದ್. ತಡವಾದರೆ ಗೈರು. ಇದನ್ನೇ ಶಿಸ್ತು ಎಂದು ಬೀಗಿದ್ದೆ. ಸಂಜೆ ತಿದ್ದಿದರಾಯಿತು ಎಂದುಕೊಂಡದ್ದೂ ಉಂಟು. ತಿದ್ದಲಿಲ್ಲ.

ಫೆಬ್ರವರಿಯಲ್ಲಿ ಪಟ್ಟಿ ಬಂತು. ಅಸ್ಫಿಯಾ ಅರವತ್ತೆರಡು ದಿನ ಗೈರು, ಹಾಜರಿ ಸಾಲದು, ಹಾಲ್ ಟಿಕೆಟ್ ಇಲ್ಲ. ಹಯಾತ್ ಆಫೀಸಿನ ಬಾಗಿಲಲ್ಲಿ ನಿಂತು, "ಸರ್, ಹುಡುಗಿ ದಿನಾ ಬಂದಿದ್ದಾಳೆ. ಬಸ್ಸು ಲೇಟಾದ್ರೆ ಅವಳದ್ದೇನು ತಪ್ಪು?" ಎಂದ. ಅಸ್ಫಿಯಾ ಅವನ ಹಿಂದೆ ಅಳುತ್ತಿದ್ದಳು.

ವಿಚಾರಣೆಗೆ ಶಿಕ್ಷಣ ಇಲಾಖೆಯ ಅಧಿಕಾರಿ ಬಂದರು. "ಹುಡುಗಿ ಬಂದದ್ದಕ್ಕೆ ದಾಖಲೆ ಏನಿದೆ?" ಎಂದು ಕೇಳಿದರು. ನಾನು ತಪ್ಪು ಬರೆದೆ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಬಡ್ತಿ ಪಟ್ಟಿಯಲ್ಲಿ ನನ್ನ ಹೆಸರಿತ್ತು. ಹೆಡ್‌ಮಾಸ್ತರ್ ದಿನಕರ ಅವರು ನನ್ನ ಮುಖ ನೋಡಿದರು. ನಾನು ಕಿಟಕಿ ನೋಡಿದೆ. ಥೂ, ಎಂಥ ಹೇಡಿತನ!

ಚಹಾ ತಂದಿದ್ದ ಪಾರ್ವತವ್ವ ಟ್ರೇ ಇಟ್ಟು ಹೊರಗೆ ಹೋದಳು. ಹಳೇದು ಹೊಸದು ಎರಡೂ ಕ್ಯಾಲೆಂಡರ್ ಹಿಡಿದು ಬಂದಳು.

"ನೋಡ್ರಿ ಸಾಹೇಬ್ರ. ಈ ಕೂಸು ತಡಾ ಬಂದು ಹಾಲು ಕುಡದ ದಿನಕ್ಕೊಂದು ಗೀಟು."

ದಿನಕರ ಸರ್ ಮೆಲ್ಲಗೆ ಎಚ್ಚರಿಸಿದರು: "ಪಾರ್ವತವ್ವ, ಹನ್ನೊಂದರವರೆಗೆ ಹಾಲು ಇಟ್ಟಿದ್ದೆ ಅಂತ ಬರೆದುಕೊಟ್ಟರೆ ನಿನ್ನ ಕೆಲಸ ಹೋಗ್ತದೆ."

"ನನ್ನ ಕೆಲಸ ಹೋದ್ರ ಹೋಗ್ಲಿ ಬಿಡ್ರಿ. ಕೂಸಿನ ವರ್ಷ ಹೋಗಬಾರ್ದು."

ಅಧಿಕಾರಿ ಬರೆದುಕೊಂಡ ಹೇಳಿಕೆಗೆ ಹೆಬ್ಬೆಟ್ಟು ಒತ್ತಿದಳು. ಅವರು ಹಾಜರಿ ಪುಸ್ತಕವನ್ನು ಕ್ಯಾಲೆಂಡರಿನ ಪಕ್ಕದಲ್ಲಿಟ್ಟು ತಾಳೆ ನೋಡಿದರು. ಅರವತ್ತೆರಡರಲ್ಲಿ ಐವತ್ತೆಂಟು ದಿನ ಗೀಟು ಇತ್ತು.

ಹಾಲ್ ಟಿಕೆಟ್ ಬಂತು. ಅಸ್ಫಿಯಾ ಫಸ್ಟ್ ಕ್ಲಾಸಿನಲ್ಲಿ ಪಾಸಾದಳು. ಪಾರ್ವತವ್ವನನ್ನು ನಿಯಮ ಮುರಿದದ್ದಕ್ಕೆ ತೆಗೆದುಹಾಕಿದರು, ಅರವತ್ತು ತುಂಬಲು ಇನ್ನೆರಡು ವರ್ಷವಿತ್ತು. ನನ್ನ ಬಗ್ಗೆ ಆದೇಶದಲ್ಲಿ ಒಂದೇ ಸಾಲು: ಇನ್ನು ಮುಂದೆ ಎಚ್ಚರ ವಹಿಸತಕ್ಕದ್ದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವುದು ಇದಕ್ಕೇ.

ಹೋದ ವಾರ ಧೈರ್ಯ ಮಾಡಿ ಅವಳ ಮನೆಗೆ ಹೋದೆ. "ತಪ್ಪು ನನ್ನದಾಗಿತ್ತು, ಪಾರ್ವತವ್ವ" ಎಂದೆ.

"ಅವತ್ತ ಗೊತ್ತಿತ್ರಿ ಸರ. ಕೂಡ್ರಿ" ಎಂದು ಚಾಪೆ ಹಾಸಿದಳು. ಆಮೇಲೆ, "ಆ ಬಸ್ಸು ಈಗ ಹೊತ್ತಿಗೆ ಬರ್ತೈತೇನ್ರಿ?" ಎಂದು ಕೇಳಿದಳು.

"ಇಲ್ಲ."

"ಆ ಕಡೆ ಮಕ್ಕಳು?"

"ಈ ವರ್ಷ ಇಬ್ಬರು, ಎಂಟನೇ ಕ್ಲಾಸಿಗೆ."

"ಅವಕ್ಕ ಹಾಲು ಯಾರು ಇಡ್ತಾರ್ರಿ?"

ಉಳಿದ ಹಾಲನ್ನು ಈಗ ಹತ್ತೂವರೆಗೆ ಸರಿಯಾಗಿ ಮೋರಿಗೆ ಚೆಲ್ಲುತ್ತಾರೆ. ಚೆಲ್ಲಿದ್ದಕ್ಕೆ ದಿನಾ ಸಹಿ ಹಾಕುವವನು ನಾನು.