ಟ್ರಯಲ್ಲಿಗೆ ಕಳಿಸಿದ ಬರಹ

ಸೂಜಿಯಕ್ಕನಿಗೆ ಬಾರದ ಕೆಲಸ ಒಂದೇ, ಸುಮ್ಮನೆ ಕೂರುವುದು. ಡಾಕ್ಟರು ಅದನ್ನೇ ಮಾಡಿ ಅಂದರು. ಮೊಣಕಾಲು ಸವೆದಿದೆ, ಇನ್ನು ಹೊಲಿಗೆ ಮಿಷನ್ನು ತುಳಿಯುವಂತಿಲ್ಲ. ಮೋಟಾರು ಹಾಕಿಸಿಕೊಳ್ಳಬಹುದಿತ್ತು, ಆದರೆ ಮೊಣಕಾಲಿನ ಜೊತೆ ಮಾತಾಡಿಕೊಂಡವರ ಹಾಗೆ ಕಣ್ಣುಗಳೂ ಮುಷ್ಕರ ಹೂಡಿದ್ದವು.

ಮನೆಯಲ್ಲಿ ಅಕ್ಕತಂಗಿ ಇಬ್ಬರೇ. ತಂಗಿ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದು ನಿವೃತ್ತಳಾದವಳು, ಮಾತು ಸ್ವಲ್ಪ ಖಾರ. ಬೀದಿಗೆ ಬಾಗಿಲಿರುವ ಮುಂದಿನ ಕೋಣೆಯೇ ಅಕ್ಕನ ಅಂಗಡಿ. ಕಿಟಕಿ ಪಕ್ಕ ಮಿಷನ್ನು, ಬಿಸ್ಕತ್ತಿನ ಡಬ್ಬಿಯಲ್ಲಿ ಸೀಮೆಸುಣ್ಣದ ಚೂರು, ಟ್ರಯಲ್ ನೋಡುವವರಿಗೆ ಒಂದು ಪರದೆ, ಅದರ ಹಿಂದೆ ಮೂಲೆ ಒಡೆದ ಕನ್ನಡಿ. ಆ ಪರದೆಯ ಹಿಂದೆ ನಿಂತವರು ಮನಸ್ಸು ಬಿಚ್ಚಿ ಮಾತಾಡುತ್ತಿದ್ದರು. ಎದುರಿಗೆ ಮುಖ ಇಲ್ಲದಿದ್ದರೆ ನಾಲಿಗೆಗೆ ಧೈರ್ಯ ಹೆಚ್ಚು. ಗುಂಡುಸೂಜಿ ಕಚ್ಚಿಕೊಂಡು "ಹ್ಞೂಂ, ಹ್ಞೂಂ" ಅನ್ನುತ್ತಾ ಸೂಜಿಯಕ್ಕ ಕೇಳಿದ್ದು ಒಂದು ಜನ್ಮಕ್ಕಾಗುವಷ್ಟಿತ್ತು.

"ಮಿಷನ್ ಮಾರಿಬಿಡೋಣ," ಅಂದಳು ತಂಗಿ. "ಕೊಡೆ ರಿಪೇರಿಯವನು ಈ ರೂಮು ಬಾಡಿಗೆಗೆ ಕೇಳ್ತಿದಾನೆ."

"ನಾನೆಲ್ಲಿ ಕೂರಲಿ?"

"ಒಳಗೆ. ಮಹಾರಾಣಿ ಹಾಗೆ."

"ಒಳಗೆ ಮಾತಾಡೋಕೆ ಯಾರು ಬರ್ತಾರೆ? ನಿನ್ನೊಬ್ಬಳ ಮಾತು ಕೇಳಿ ಕೇಳಿ ನನ್ನ ಕಿವಿಗೂ ಮೊಣಕಾಲಿನ ಗತಿ ಬರತ್ತೆ. ನಾನು ಇಲ್ಲೇ ಕೂತು ಬರೀತೀನಿ ಕಣೆ. ಹೊರಗಿನೋರು ಬರೆದ್ರೂ ಪತ್ರಿಕೆಯವರು ದುಡ್ಡು ಕೊಡ್ತಾರಂತೆ."

"ಏಳನೇ ಕ್ಲಾಸಿಗೆ ಸಲಾಮು ಹೊಡೆದು ಬಂದೋಳು ನೀನು!"

"ಗಿರಾಕಿಗಳು ಕಾಲೇಜು ಓದಿದ್ರು. ಅವರು ಹೇಳಿದ್ದನ್ನ ಕೇಳಿದ್ದು ನಾನು ತಾನೆ?"

ಕೊನೆಗೆ ತಂಗಿ ಒಂದು ಷರತ್ತು ಹಾಕಿದಳು. ತಿಂಗಳ ಕೊನೆಯೊಳಗೆ ಯಾವುದಾದರೂ ಒಂದು ಪತ್ರಿಕೆಯ ದುಡ್ಡು ಕೈಗೆ ಬಂದರೆ ಕೋಣೆ ಅಕ್ಕನದು. ಇಲ್ಲದಿದ್ದರೆ ಕೊಡೆಯವನದು.

ಮಾರನೆಯ ದಿನದಿಂದ ಸೂಜಿಯಕ್ಕ ಪೇಪರ್ ಅಂಗಡಿಯ ಮುಂದೆ ಸ್ಟೂಲು ಹಾಕಿ ಕೂತಳು. ಬಟ್ಟೆಯ ಯೋಗ್ಯತೆ ಒಳಮೈ ತಿರುಗಿಸಿದರೆ ಗೊತ್ತಾಗುತ್ತದೆ ಅನ್ನುವವಳು ಅವಳು. ಪತ್ರಿಕೆಗಳನ್ನೂ ಹಾಗೇ ತಿರುವಿಹಾಕಿದಳು. ಮುಖಪುಟ ಬಿಟ್ಟು, ಮೂಲೆಯ ಇರುವೆಯಕ್ಷರವನ್ನು ಭೂತಗನ್ನಡಿ ಹಿಡಿದು ಓದಿದಳು.

"ಅಕ್ಕಾ, ಓದೋಕೆ ಬಂದ್ಯೋ, ಅಳತೆ ತಗೊಳ್ಳೋಕೆ ಬಂದ್ಯೋ?" ಅಂದ ಅಂಗಡಿಯವನು.

"ಅಳತೆಗೇ ಕಣೋ. ಇದು ನೋಡು, ಪ್ರತಿ ಸಂಚಿಕೇಲೂ ಅವೇ ಹೆಸರು. ಮನೆಮಂದಿಗೇ ಬಡಿಸಿಕೊಂಡು ಕೂತಿದಾರೆ, ಹೊರಗಿನೋರಿಗೆ ತಟ್ಟೆ ಇಲ್ಲ."

ಮೊದಲು ಒಂದು ಮಾಸಪತ್ರಿಕೆಗೆ, ಗುಂಡಿ ಉದುರುವುದರ ಬಗ್ಗೆ ಪುಟ್ಟದೊಂದು ಬರಹ ಕಳಿಸಿದಳು. ಅವರ ವೆಬ್‌ಸೈಟಿನಲ್ಲಿ ಎರಡೇ ದಿನಕ್ಕೆ ಬಂತು. ದುಡ್ಡಿನ ಮಾತೆತ್ತಿದರೆ, ನಮ್ಮಲ್ಲಿ ಬರುವುದೇ ಒಂದು ಗೌರವ ಅಂದರು.

"ಗೌರವ ಬಂತಲ್ಲ," ಅಂದಳು ತಂಗಿ. "ಬಾಣಲೆಗೆ ಹಾಕು, ರಾತ್ರಿಗೆ ಹುರಿಯೋಣ."

ಆಮೇಲೆ ಸೂಜಿಯಕ್ಕ ಹುಷಾರಾದಳು. ಮೊದಲು ಫೋನು, ಆಮೇಲೆ ಪೆನ್ನು. ಒಬ್ಬರು ಕೊಡಲ್ಲ ಅಂದರು. ಇನ್ನೊಬ್ಬರು ನೋಡೋಣ ಅಂದರು. ನೋಡೋಣ ಅಂದ ಗಿರಾಕಿ ತಿರುಗಿ ಬಂದದ್ದನ್ನು ಅವಳು ಕಂಡಿರಲಿಲ್ಲ. ಕಡೆಗೆ ಒಂದು ಪಾಕ್ಷಿಕ ಸಿಕ್ಕಿತು. ಅದರ ಅಂಕಣದ ಪುಟದಲ್ಲಿ ಒಮ್ಮೆ ನರ್ಸು, ಒಮ್ಮೆ ಬಸ್ ಡ್ರೈವರು, ಹೀಗೆ ಪ್ರತಿ ಸಲ ಹೊಸಬರು. ಕೆಳಗೆ ಸಣ್ಣಕ್ಷರದಲ್ಲಿ, ಪ್ರಕಟವಾದ ಬರಹಕ್ಕೆ ಸಂಭಾವನೆ ಉಂಟು ಅಂತಿತ್ತು. ಫೋನು ಮಾಡಿದರೆ ಹೌದು ಅಂದರು. ಸೂಜಿಯಕ್ಕ ಎರಡು ದಿನ ಬಾಗಿಲು ಹಾಕಿಕೊಂಡು ಬರೆದು, ತಾನೇ ಕುಂಟುತ್ತಾ ಹೋಗಿ ಅಂಚೆಗೆ ಹಾಕಿ ಬಂದಳು.

"ಏನು ಬರೆದೆ?" ಅಂದಳು ತಂಗಿ.

"ಪ್ಯಾಂಟಿನವನ ಕಥೆ. ವರ್ಷಾವರ್ಷ ಬರ್ತಿದ್ನಲ್ಲ, ಬಟ್ಟೆ ಕುಗ್ಗಿದೆ, ಸೊಂಟ ಸಡಿಲ ಮಾಡು ಅಂತ. ಕುಗ್ಗಿದ್ದು ಬಟ್ಟೆ ಅಲ್ಲ, ಹಿಗ್ಗಿದ್ದು ಅವನು. ಹೊಲಿಗೆ ಬಿಚ್ಚಿ ಬಿಚ್ಚಿ, ಒಳಗೆ ಮಡಿಸಿ ಬಿಟ್ಟಿದ್ದ ಹೆಚ್ಚಿನ ಬಟ್ಟೆಯೆಲ್ಲ ಮುಗೀತು. ಆಮೇಲೊಂದು ದಿನ ಎರಡೂ ಕೈಯಲ್ಲಿ ಪ್ಯಾಂಟು ಹಿಡ್ಕೊಂಡು ಬಂದ. ಕೈ ಬಿಟ್ರೆ ಮಾನ ಹೋಗ್ತಿತ್ತು. ಅಷ್ಟು ಸಣ್ಣ ಆಗಿದ್ದ!"

"ಯಾಕೆ, ಕಾಯಿಲೆನಾ?"

"ಅದನ್ನ ಇನ್ನೂ ಬರೆದಿಲ್ಲ."

"ಅಂದ್ರೆ?"

"ಅಲ್ಲಿಗೆ ನಿಲ್ಲಿಸಿ ಟ್ರಯಲ್ಲಿಗೆ ಕಳಿಸಿದೀನಿ. ಎಲ್ಲಿ ಬಿಗಿ, ಎಲ್ಲಿ ಸಡಿಲ ಹೇಳಿ, ಉಳಿದದ್ದು ಆಮೇಲೆ ಹೊಲಿದು ಕೊಡ್ತೀನಿ ಅಂತ ಚೀಟಿ ಇಟ್ಟಿದೀನಿ."

ತಂಗಿ ಹಣೆ ಚಚ್ಚಿಕೊಂಡಳು. "ಅರ್ಧ ಬರಹ ಯಾರಾದ್ರೂ ಕಳಿಸ್ತಾರೇನೇ! ಬುಟ್ಟಿಗೆ ಎಸೀತಾರೆ!"

ಟ್ರಯಲ್ ನೋಡದೆ ಬಟ್ಟೆ ಮುಗಿಸುವ ದರ್ಜಿ ಉಂಟೇ ಅಂತ ಸೂಜಿಯಕ್ಕ ವಾದ ಮಾಡಿದಳು, ನಿಜ. ಆದರೆ ಆ ರಾತ್ರಿ ಊಟ ಅವಳಿಗೆ ಸೇರಲಿಲ್ಲ.

ತಿಂಗಳು ಮುಗಿಯುತ್ತಾ ಬಂತು. ಕೊಡೆಯವನು ಕೋಣೆ ಅಳೆಯಲು ಬಂದ. ಅಳತೆಪಟ್ಟಿ ಮರೆತು ಬಂದಿದ್ದ. ಸೂಜಿಯಕ್ಕ ಕುತ್ತಿಗೆಯಲ್ಲಿದ್ದ ತನ್ನದನ್ನೇ ತೆಗೆದು ಕೊಟ್ಟಳು. "ನನ್ನ ಟೇಪಲ್ಲಿ ನನ್ನ ರೂಮೇ ಅಳೆಸ್ಕೊಳ್ಳೋ ಹಾಗಾಯ್ತಲ್ಲಪ್ಪ," ಅಂದಾಗ ಅವನೂ ನಕ್ಕ, ಅವಳೂ ನಕ್ಕಳು. ತಂಗಿ ಮಾತ್ರ ಕಿಟಕಿಯ ಕಡೆ ತಿರುಗಿಕೊಂಡಳು. ಸಂಜೆ ಮುಂಗಡ ತರುತ್ತೇನೆ ಅಂತ ಹೇಳಿ ಅವನು ಹೋದ.

ಮಧ್ಯಾಹ್ನ ಫೋನು ಬಂತು. ಪಾಕ್ಷಿಕದ ಸಂಪಾದಕಿ.

"ಅಮ್ಮಾ, ಆ ಮನುಷ್ಯ ಯಾಕೆ ಸಣ್ಣಗಾದ? ಆಫೀಸಲ್ಲಿ ಜಗಳ ಆಗ್ತಿದೆ. ಕಾಯಿಲೆ ಅಂತಾರೆ ಒಬ್ಬರು, ಪ್ರೇಮ ಅಂತಾರೆ ಇನ್ನೊಬ್ಬರು."

"ಬಿಗಿ ಎಲ್ಲಿದೆ, ಅದು ಹೇಳಿ ಮೊದಲು."

"ಬಿಗಿ ಎಲ್ಲೂ ಇಲ್ಲ. ಶುರುವಿನಲ್ಲಿ ಒಂಚೂರು ಜೋಲು. ಇನ್ನೊಂದು ವಿಷಯ. ಪೂರ್ತಿ ಬರಹ ಬೇಡ, ಮೊದಲು ಸ್ಯಾಂಪಲ್ ಕಳಿಸಿ ಅಂತ ನಾವೇ ಎಲ್ಲರಿಗೂ ಹೇಳ್ತೀವಿ, ಯಾರೂ ಕೇಳಲ್ಲ. ನೀವು ನೋಡಿದ್ರೆ, ನಾವು ಹೇಳದೇನೇ ಕಳಿಸಿದೀರಿ. ಸಲಸಲಕ್ಕೂ ಹೊಸಬರನ್ನ ಹುಡುಕಿ ನಮಗೂ ಸಾಕಾಗಿದೆ, ಇನ್ನು ಪ್ರತಿ ಸಂಚಿಕೆಗೂ ನೀವೇ ಒಂದು ಬರೀತೀರಾ?"

ಸೂಜಿಯಕ್ಕ ಕುರ್ಚಿ ಎಳೆದು ಕೂತಳು. "ದುಡ್ಡು ಯಾವಾಗ? ನಮ್ಮಲ್ಲಿ ಬಟ್ಟೆ ಕತ್ತರಿಸೋಕೆ ಮುಂಚೆ ಅಡ್ವಾನ್ಸು."

ಆ ಕಡೆ ನಗು ಕೇಳಿಸಿತು. "ನಮ್ಮಲ್ಲಿ ಪ್ರಿಂಟ್ ಆದ ಮೇಲೆ, ಅಮ್ಮಾ. ಖಂಡಿತ ಬರತ್ತೆ. ಎರಡು ತಿಂಗಳು ಹಿಡಿಯತ್ತೆ."

ಫೋನು ಇಟ್ಟು ಸೂಜಿಯಕ್ಕ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ತಂಗಿಗೆ ಹೇಳಿದಳು. "ಅಂಕಣ ಸಿಕ್ತು ಕಣೆ. ಆದ್ರೆ ಷರತ್ತು ಷರತ್ತೇ. ದುಡ್ಡು ಈ ತಿಂಗಳು ಬರಲ್ಲ. ರೂಮು ಅವನಿಗೆ ಕೊಟ್ಟುಬಿಡು."

ತಂಗಿ ಎದ್ದಳು. ಒಳಗೆ ಹೋಗಿ ತನ್ನ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಬಂದಳು. ಹೊಲಿಗೆ ಮಿಷನ್ನಿನ ಹಲಗೆಯ ಮೇಲೆ ಅದನ್ನಿಟ್ಟು ಕೂತಳು.

"ನಿನ್ನ ಕಾಗೆಕಾಲಿನ ಅಕ್ಷರ ಅವರಿಗ್ಯಾಕೆ ಶಿಕ್ಷೆ? ಹೇಳು, ಟೈಪ್ ಮಾಡ್ತೀನಿ. ಅವನು ಯಾಕೆ ಸಣ್ಣಗಾದ?"

"ಹೆಂಡತಿ ಐವತ್ತು ದಾಟಿದ ಮೇಲೆ ಸೈಕಲ್ ಕಲೀತೀನಿ ಅಂದ್ಲಂತೆ. ಸೀಟು ಹಿಡ್ಕೊಂಡು ಇವನು ಹಿಂದೆ ಓಡಿದ್ದೇ ಓಡಿದ್ದು."

"ಅಷ್ಟೇನಾ?"

"ತಾಳೇ. ಅವಳು ಕಲಿತು ಯಾವ ಕಾಲ ಆಗಿತ್ತೋ! ಗಂಡನಿಗೆ ಹೇಳೇ ಇರ್ಲಿಲ್ಲ. ಹಿಂದಿನಿಂದ ಏದುಸಿರಲ್ಲಿ 'ಭೇಷ್, ಭೇಷ್' ಅಂತಿದ್ನಂತೆ, ಕೇಳೋಕೆ ಚೆನ್ನಾಗಿತ್ತಂತೆ. ಪರದೆ ಹಿಂದೆ ನಿಂತು ಅವಳೇ ಹೇಳಿದ್ದು."

ತಂಗಿಯ ಬೆರಳು ಕೀಲಿಗಳ ಮೇಲೇ ನಿಂತಿತು, ಅವಳು ನಗತೊಡಗಿದಳು. ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ಕೊಡೆಯವನು.

"ಈಗ ಆಗಲ್ಲಪ್ಪ," ಅಂದಳು ತಂಗಿ, ತಲೆಯೆತ್ತದೆ. "ಕೆಲಸ ನಡೀತಿದೆ."

"ನಾಳೆ ಬರ್ಲಾ?"

"ನಾಳೆನೂ ಇರತ್ತೆ. ಹರಿದ ಪ್ಯಾಂಟಿನ ಕಥೆ ಗಿಥೆ ಇದ್ರೆ ತಗೊಂಡು ಬಾ, ಮಾತಾಡ್ಕೊಂಡು ಹೋಗು." ಆಮೇಲೆ ಅಕ್ಕನ ಕಡೆ ತಿರುಗಿದಳು. "ನೀನೇನು ಬಾಯಿ ಬಿಟ್ಕೊಂಡು ನೋಡ್ತೀಯ? ಶುರುವಿನಲ್ಲಿ ಜೋಲು ಅಂದ್ರಲ್ಲ, ಅಲ್ಲಿಂದ ಹಿಡಿ."